ರೋಣ, ನರಗುಂದ, ಗಜೇಂದ್ರಗಡದಿಂದ ಮೊದಲ ವಿದೇಶ ಪ್ರವಾಸ: ಪಾಸ್‌ಪೋರ್ಟ್, ವೀಸಾ ಮತ್ತು ಪ್ರವೇಶ ನಿಯಮಗಳು

ನಮ್ಮ ಕರಾವಳಿಯಲ್ಲಿ ವಿದೇಶ ಕಂಡವರಿಲ್ಲದ ವಾಳೆ ಅಪರೂಪ. ಪಾಸ್‌ಪೋರ್ಟಿನ ಬಗ್ಗೆ ಸಂಶಯ ಬಂದರೆ ನೆರೆಮನೆಯಲ್ಲೇ ಕೇಳಿ ತಿಳಿಯಬಹುದು. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಳ್ಳಿಗಳಲ್ಲಿ ಈ ಅನುಕೂಲ ಕಡಿಮೆ. ಅಲ್ಲಿ ಸೇವೆ ಸಲ್ಲಿಸುವ ಗುರುಗಳು, ಧರ್ಮಭಗಿನಿಯರು ಮತ್ತು ಉಪದೇಶಿಗಳ ಬಳಿಗೇ ಜನರು ಕಾಗದಪತ್ರ ಹಿಡಿದು ಬರುತ್ತಾರೆ. ಅವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಪಾಸ್‌ಪೋರ್ಟ್

ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ದಿನ ನಿಗದಿ ಮಾಡಿಕೊಂಡು, ಮೂಲ ದಾಖಲೆಗಳೊಂದಿಗೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬಹುದು. ವಯಸ್ಕರಿಗೆ 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ. ಬಳಿಕ ಸ್ಥಳೀಯ ಪೊಲೀಸರ ಪರಿಶೀಲನೆ ಇರುತ್ತದೆ.

ಜ್ಞಾನಸ್ನಾನದ ಪ್ರಮಾಣಪತ್ರವು ಜನನ ದಾಖಲೆಗೆ ಬದಲಿಯಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದ ಮಕ್ಕಳಿಗೆ ಸರಕಾರಿ ಜನನ ಪ್ರಮಾಣಪತ್ರವೇ ಬೇಕು.

ಹೆಸರಿನ ತೊಡಕು

ಆಧಾರ್, ಶಾಲಾ ದಾಖಲೆ ಮತ್ತು ಅರ್ಜಿಯಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಆಗಿರಲಿ. ಮನೆತನದ ಹೆಸರಿನ ಕಾಲಂ ಖಾಲಿ ಬಿಡಬೇಡಿ. ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿನವರಿಗೆ ಸಂದರ್ಶನ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ತಿಳಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಲಾಗುವುದೆಂದು ಬಳಿಕ ಸ್ಪಷ್ಟಪಡಿಸಲಾಯಿತು.

ಯುರೋಪಿನ ಯಾತ್ರೆ

ರೋಮ್, ಲೂರ್ದ್ ಮತ್ತು ಫಾತಿಮಾಗೆ ಒಂದೇ ಷೆಂಗೆನ್ ವೀಸಾ ಸಾಕು. ವ್ಯಾಟಿಕನ್‌ಗೆ ಬೇರೆ ವೀಸಾ ಇಲ್ಲ. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಸಲ್ಲಿಸುವಂತಿಲ್ಲ, 15 ದಿನಕ್ಕಿಂತ ತಡವೂ ಮಾಡುವಂತಿಲ್ಲ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮೊದಲ ಬಾರಿಯವರು ಬೆರಳಚ್ಚು ನೀಡಲು ಖುದ್ದಾಗಿ ಹೋಗಲೇಬೇಕು. ಯಾವ ದೇಶಕ್ಕೆ ಹೋಗುವುದಾದರೂ ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿದ್ದರೆ ಕ್ಷೇಮ.

ಗಲ್ಫ್ ಸಂದರ್ಶನ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇಸಿಆರ್' ಎಂದಿರುತ್ತದೆ. ಮಕ್ಕಳನ್ನು ನೋಡಲು ಹೋಗುವಾಗ ಇವರಿಗೆ ವಲಸೆ ಅನುಮತಿ ಬೇಡ. ವೀಸಾ ಮತ್ತು ಮರಳಿ ಬರುವ ಟಿಕೆಟ್ ಕೈಯಲ್ಲಿರಬೇಕು. ಆದರೆ ಕೆಲಸಕ್ಕೆ ಹೋಗುವವರಿಗೆ ಆ ಅನುಮತಿ ಕಡ್ಡಾಯ.

"ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಕೊಡಿಸುತ್ತೇವೆ" ಎನ್ನುವವರನ್ನು ನಂಬಬಾರದೆಂದು ನಾವು ಒತ್ತಿ ಹೇಳುತ್ತೇವೆ. ಸಂದರ್ಶನ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಹಾಗೆ ಹೋದವರಿಗೆ ಸಂಬಳ ಕೇಳುವ ಹಕ್ಕನ್ನು ಸಾಧಿಸುವುದೂ ಕಷ್ಟ. ಹೊಲ ಅಡವಿಟ್ಟು ಹಣ ಕೊಡುವ ಮೊದಲು, ಏಜೆಂಟರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾರೆಯೇ ಎಂದು ಪರೀಕ್ಷಿಸಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ.

ವಿಮಾನ ನಿಲ್ದಾಣದಲ್ಲಿ

ವೀಸಾ ಸಿಕ್ಕಿತೆಂದರೆ ಪ್ರವೇಶ ಖಚಿತವೆಂದಲ್ಲ. ಇಳಿದ ಮೇಲೆ ಅಲ್ಲಿನ ಅಧಿಕಾರಿ ಬಂದ ಉದ್ದೇಶ, ತಂಗುವ ವಿಳಾಸ, ಮರಳುವ ಟಿಕೆಟ್ ಮತ್ತು ಖರ್ಚಿನ ಹಣದ ಬಗ್ಗೆ ಕೇಳಬಹುದು. ಈ ಕಾಗದಗಳು ಚೀಲದ ತಳದಲ್ಲಿರದೆ ಕೈಗೆಟುಕುವಂತಿರಲಿ. ಇಂಗ್ಲಿಷ್ ಬಾರದವರು ವಿಳಾಸ ಮತ್ತು ಮಕ್ಕಳ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ. ಮನೆಯ ಅಡುಗೆ ಸಾಮಾನಿನಲ್ಲಿ ಗಸಗಸೆ ಸೇರದಂತೆ ನೋಡಿಕೊಳ್ಳಿ. ಯುಎಇ ಮತ್ತು ಸೌದಿ ಅರೇಬಿಯಾದಲ್ಲಿ ಅದು ನಿಷಿದ್ಧ.

ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟಿಗೆ ಹಣ ಕಟ್ಟುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ಒಮ್ಮೆ ನೋಡಿ. ಓದಲು ಬಾರದ ಹಿರಿಯರಿಗೆ ಧರ್ಮಕೇಂದ್ರದ ಯುವಕರು ಅರ್ಧ ಗಂಟೆ ಕುಳಿತು ಇದನ್ನು ಮಾಡಿಕೊಟ್ಟರೆ ಅದೂ ಒಂದು ಸೇವೆಯೇ. ಹೊರಡುವ ಎಲ್ಲರಿಗೂ ಶುಭ ಪ್ರಯಾಣ ಕೋರುತ್ತೇವೆ.