ರಾತ್ರಿ ಬಲೆ, ಮುಂಜಾನೆ ಬುಟ್ಟಿ

ಅಕ್ಕಾರ, ವೈನ್ಯಾರ, ನಮ್ಮ ಕಮರಿಪೇಟಿಯಿಂದ ಗಣೇಶಪೇಟಿ ಮೀನ ಮಾರ್ಕೆಟ್ಟಿಗೆ ಹೋಗಿ ನಾವು "ಇದು ತಾಜಾ ಐತೇನವಾ?" ಅಂತ ಕೇಳೋ ಹೊತ್ತಿಗೆ ಆ ಮೀನಿನ ಹಿಂದಿನ ಕೆಲಸ ಎಲ್ಲಾ ಮುಗದಿರತೈತಿ. ಆ ಕೆಲಸ ನಡಿಯೋದು ರಾತ್ರಿ, ನಾವು ಚಾದರ ಹೊದ್ದು ಮಲಗಿದಾಗ. ಸಮುದ್ರದ ಮೀನು ಕಾರವಾರ, ಅಂಕೋಲಾ ಕಡಿಯಿಂದ ಘಟ್ಟಾ ಹತ್ತಿ ಬರತೈತಿ, ಅದು ಎಲ್ಲಾರಿಗೂ ಗೊತ್ತು. ಆದ್ರ ಕೆರಿ ಮೀನು, ಡ್ಯಾಮಿನ ಮೀನು ಅಂತ ಬರತೈತೆಲ್ಲಾ, ಅದರ ಇತಿಹಾಸ ಯಾರೂ ಕೇಳಂಗಿಲ್ಲ. ಇವತ್ತು ಅದನ್ನ ಬರೀತೀನಿ. ಮೀನು ತಿನ್ನದವರೂ ಓದ್ರಿ, ಇದರಾಗ ನೀರಿನ ಮಾತೂ ಐತಿ.

ಮೀನು ಹಿಡಿಯೋದರ ಬಗ್ಗೆ ಪುಸ್ತಕದಾಗ ಬರದಿಟ್ಟವರೊಳಗ ಭಾಳ ಹಳಬ ಒಬ್ಬಾವ ನಮ್ಮ ನಾಡಿನ ರಾಜಾನ ಅದಾನ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ. ಅಂವ ಆಳಿದ ಕಲ್ಯಾಣ ಅಂದ್ರ ಈಗಿನ ಬೀದರ ಜಿಲ್ಲಾದ ಬಸವಕಲ್ಯಾಣ. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡೀರೆಲ್ಲಾ, ಅದೂ ಚಾಲುಕ್ಯರ ಕಾಲದ್ದ. ಸೋಮೇಶ್ವರ 1130ರ ಆಸುಪಾಸಿನ್ಯಾಗ ಸಂಸ್ಕೃತದಾಗ 'ಮಾನಸೋಲ್ಲಾಸ' ಅಂತ ದೊಡ್ಡ ಪುಸ್ತಕ ಬರೆದ. ಐದು ಭಾಗ, ಒಂದೊಂದರಾಗ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಹೆಂಗ ಆಳಬೇಕು ಅನ್ನೋದರಿಂದ ಹಿಡಿದು ಅಡಗಿ ಹೆಂಗ ಮಾಡಬೇಕು ಅನ್ನೋತನಕ ಎಲ್ಲಾ ಅದರಾಗ ಐತಿ. ನಾಲ್ಕನೇ ಭಾಗದಾಗ ರಾಜರ ವಿನೋದಗೋಳು ಬರತಾವ. ಅದರಾಗ ಒಂದು 'ಮತ್ಸ್ಯವಿನೋದ', ಅಂದ್ರ ಗಾಳ ಹಾಕಿ ಮೀನು ಹಿಡಿಯೋ ಆಟ. ಸಮುದ್ರದ್ದು, ಹೊಳಿದ್ದು, ಹುರುಪಿ ಇದ್ದದ್ದು, ಇಲ್ಲದ್ದು ಅಂತ ಮೂವತ್ತೈದರಷ್ಟು ಜಾತಿ ಮೀನಿನ ಹೆಸರು ಹೇಳ್ಯಾನ. ಯಾವ ಮೀನಿಗೆ ಯಾವ ತಿನಿಸು ಹಾಕಬೇಕು, ಗಾಳದ ದಾರ ಹೆಂಗಿರಬೇಕು ಅಂತೆಲ್ಲಾ ಬರದಾನ. ಇಂಗ್ಲೆಂಡಿನ್ಯಾಗ ಗಾಳದ ಮ್ಯಾಲಿನ ಮೊದಲ ಪುಸ್ತಕ ಅಚ್ಚಾಗಿದ್ದು 1496ರಾಗ. ಅದನ್ನ ಬರದಾಕಿ ಜೂಲಿಯಾನಾ ಬರ್ನರ್ಸ್ ಅನ್ನೋ ಸನ್ಯಾಸಿನಿ ಅಂತ ರೂಢಿ ಮ್ಯಾಲ ಹೇಳಕೋತ ಬಂದಾರ. ಅಂದ್ರ ನಮ್ಮ ರಾಜಾ ಅದಕ್ಕಿಂತ ಮುನ್ನೂರಾ ಅರವತ್ತು ವರ್ಷ ಮೊದಲ ಬರದಿದ್ದ. ಇದನ್ನ 1951ರಾಗ ಸುಂದರ ಲಾಲ ಹೋರಾ ಅನ್ನೋ ಮೀನು-ವಿಜ್ಞಾನಿ ಎತ್ತಿ ತೋರಿಸಿದ್ರು.

ನಮಗ ಬೇಕಾಗಿದ್ದು ಅಡಗಿ ಅಲ್ಲೇನ್ರಿ? ಅದೂ ಐತಿ. ಅದೇ ಪುಸ್ತಕದ ಊಟದ ಅಧ್ಯಾಯದಾಗ ಮೀನಿನ ಅಡಗಿ ಹಿಂಗ ಬರತೈತಿ: ಮೀನು ತುಂಡ ಮಾಡಿ ಚಲೋತ್ನಾಗಿ ತೊಳೀಬೇಕು, ಹುಣಸಿ ರಸದಾಗ ಬೇಯಿಸಬೇಕು, ಮ್ಯಾಲ ಗೋಧಿ ಹಿಟ್ಟು ಉದರಿಸಿ ಕಾದ ಎಣ್ಣ್ಯಾಗ ಕೆಂಪಗ ಕರೀಬೇಕು, ಆಮ್ಯಾಲ ಸೈಂಧವ ಉಪ್ಪು, ಯಾಲಕ್ಕಿ, ಮೆಣಸಿನ ಪುಡಿ ಹಾಕಬೇಕು. ಒಣಮೆಣಸಿನಕಾಯಿ ಇಲ್ಲ ನೋಡ್ರಿ. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಮೀನು ನಾವು ನೆನಸಾಕೂ ಆಗಂಗಿಲ್ಲ, ಆದ್ರ ಮೆಣಸಿನಕಾಯಿ ಬಂದಿದ್ದ ಪೋರ್ಚುಗೀಸರ ಹಡಗಿನ್ಯಾಗ, ಸೋಮೇಶ್ವರನ ನಾಲ್ಕುನೂರು ವರ್ಷದ ಮ್ಯಾಲ. ಹುಣಸಿಹಣ್ಣು ಮಾತ್ರ ಅವತ್ತೂ ಇತ್ತು, ಇವತ್ತೂ ಐತಿ. ಕೆರಿ ಮೀನಿನ ಕೆಸರಿನ ವಾಸನಿ ತಗಿಯಾಕ ಹುಳಿಗಿಂತ ಚಲೋದು ಇನ್ನೂ ಯಾರಿಗೂ ಸಿಕ್ಕಿಲ್ಲ.

ಆದ್ರ ಒಂದು ಮಾತು. ರಾಜಾ ಬರದಿದ್ದು ತನ್ನ ವಿನೋದ. ಹೊಟ್ಟಿಪಾಡಿಗೆ ಮೀನು ಹಿಡಿಯೋರಿಗೆ ಅದು ವಿನೋದ ಅಲ್ಲ, ರಾತ್ರಿಪಾಳಿ. ಅವರ ಕೆಲಸಕ್ಕ ಹಂತಾ ಅಧ್ಯಾಯ ಯಾರೂ ಬರೀಲಿಲ್ಲ. ಅದೇ 12ನೇ ಶತಮಾನದಾಗ ಹೊಳಿ ದಂಡಿಯಿಂದ ಒಂದು ದನಿ ಮಾತ್ರ ಎದ್ದು ಬಂತು, ಅಂಬಿಗರ ಚೌಡಯ್ಯಂದು. ಹಾವೇರಿ ಜಿಲ್ಲಾದ ಚೌಡದಾನಪುರ, ತುಂಗಭದ್ರಾ ದಂಡಿ, ಅಂವ ದೋಣಿ ನಡಿಸಿದ ಜಾಗಾ ಅಂತಾರ. ಬ್ಯಾರೆ ಶರಣರು ವಚನದ ಕೊನಿಗೆ ದೇವರ ಹೆಸರು ಇಟ್ಟರ ಅಂವ ತನ್ನ ಕಸಬು, ತನ್ನ ಹೆಸರು ಎರಡನ್ನೂ ಇಟ್ಟ. ಹುಟ್ಟು ಹಿಡಿಯೋ ಕೈಗೆ ಹೆಸರು ಇರಬೇಕು ಅನ್ನೋದನ್ನ ಅಂವ ಆವತ್ತ ತೋರಿಸಿಬಿಟ್ಟ. ಇವತ್ತಿಗೂ ನಮ್ಮ ಕಡೆ ಅಂಬಿಗೇರ ಅನ್ನೋ ಅಡ್ಡಹೆಸರಿನ ಮಂದಿ ಬೇಕಾದಷ್ಟು ಅದಾರ.

ಅಲ್ಲಾ, ರಾತ್ರಿನ ಯಾಕ? ಹಗಲಿ ಹಿಡದರ ಆಗಂಗಿಲ್ಲೇನು? ಆಗತೈತಿ, ಆದ್ರ ಕಡಿಮಿ ಸಿಗತೈತಿ. ಬಿಸಲಿನ್ಯಾಗ ಮ್ಯಾಲಿನ ನೀರು ಕಾಯತೈತಿ, ದೊಡ್ಡ ಮೀನು ಆಳಕ್ಕ ಹೋಗತಾವ. ಸಂಜಿ ಆದಮ್ಯಾಲ ಮೇಯಾಕ ದಂಡಿ ಕಡೆ ಬರತಾವ. ಎರಡನೇದು, ಹಗಲಿ ಬಲೆ ಕಾಣತೈತಿ, ಕತ್ತಲಿದ್ರ ಕಾಣಂಗಿಲ್ಲ. ಅದಕ್ಕ ಅಮಾಸಿ ಮಗ್ಗಲಿನ ರಾತ್ರಿಗೋಳು ಬಲೆಗೆ ಚಲೋ, ಹುಣ್ಣಿವಿ ಬೆಳದಿಂಗಳು ಅಷ್ಟು ಚಲೋ ಅಲ್ಲ. ಮೂರನೇದು, ಕೆಲವು ಮೀನು ಹುಟ್ಟಾ ರಾತ್ರಿ ತಿರುಗೋವು. ನಮ್ಮ ಹೊಳಿ ಬಾಳೆಮೀನು ನೋಡ್ರಿ, ಬಾಯಿ ದೊಡ್ಡದು, ಮಾರಿಗೆ ಉದ್ದನ ಮೀಸಿ. ಆ ಮೀಸಿಲೇ ಕತ್ತಲದಾಗ ನೀರು ಮುಟ್ಟಿ ನೋಡಿ ಬ್ಯಾಟಿ ಆಡತೈತಿ. ಅಮೆರಿಕದಾಗ ವಾಲ್‌ಐ ಅನ್ನೋ ಮೀನು ಐತಿ, ಅದಕ್ಕ ಮೀಸಿ ಇಲ್ಲ, ಕಣ್ಣ ಅದರ ಸಾಧನ. ಬೆಕ್ಕಿನ ಕಣ್ಣಿನಂಗ ಹಿಂದ ಒಂದು ಹೊಳಿಯೋ ಪದರು ಐತಿ, ಬ್ಯಾಟರಿ ಹಚ್ಚಿದರ ಫಳಫಳ ಅಂತೈತಿ. ಅಲ್ಲಿಯ ಮಂದಿನೂ ಅದಕ್ಕ ರಾತ್ರಿನ ಕೆರಿಗೆ ಹೋಗತಾರ. ದೇಶ ಬ್ಯಾರೆ ಆದ್ರೂ ಕತ್ತಲಿನ ಲೆಕ್ಕಾ ಒಂದ.

ಡ್ಯಾಮಿನ್ಯಾಗ ಕೆಲಸ ಹೆಂಗಂದ್ರ, ಸಂಜೀಮುಂದ ಹರಗೋಲು ಹತ್ತಿ ನೀರಾಗ ಬಲೆ ನಿಲ್ಲಿಸಿ ಬರತಾರ. ಮ್ಯಾಲ ತೇಲೋ ಬೆಂಡು, ಕೆಳಗ ಭಾರ, ನಡುವ ನೀರಾಗ ಪರದೆ ಕಟ್ಟಿದಂಗ ಬಲೆ. ಮೀನು ಕಣ್ಣಿಯೊಳಗ ತಲಿ ಹಾಕತೈತಿ, ಮುಂದ ಹೋಗಾಕ ಮೈ ಹಿಡಿಯಂಗಿಲ್ಲ, ಹಿಂದ ಬರಾಕ ಕಿವಿರು ಸಿಗಬೀಳತೈತಿ. ನಸಿಕಿನ್ಯಾಗ ಹೋಗಿ ಎಳದು ತರತಾರ. ಗಾಳಿ ಎದ್ದರ ಹರಗೋಲು ಗಿರಗಿರ ತಿರಗತೈತಿ, ಕತ್ತಲದಾಗ ದಂಡಿ ಯಾವ ಕಡೆ ಅನ್ನೋದ ತಿಳಿಯಂಗಿಲ್ಲ. ದಂಡಿ ಮ್ಯಾಲ ಕಂದೀಲು ಇಟ್ಟಕೊಂಡು ಕಾಯೋರು ಯಾರು? ಮನಿ ಹೆಣಮಕ್ಕಳ. ಆಮ್ಯಾಲ ಬುಟ್ಟಿ ತುಂಬಿ, ತಲಿಮ್ಯಾಲ ಹೊತ್ತು, ಬಸ್ಸಿನ್ಯಾಗ ಬೈಸಿಕೊಂಡು ಪ್ಯಾಟಿಗೆ ತಂದು ಮಾರೋರೂ ಅವರ. ನೈಲಾನ್ ಬರೋಕಿಂತ ಮೊದಲ, ಅಂದ್ರ 1960ರ ಆಸುಪಾಸಿನತನಕ, ಬಲೆ ಹತ್ತಿ ನೂಲಿಂದು, ಸೆಣಬಿಂದು ಇರತಿತ್ತು. ಹಸೀದು ಬಿಟ್ಟರ ಕೊಳೀತಿತ್ತು. ದಿನಾ ಒಣಗಿಸಬೇಕು, ಗಿಡದ ತೊಗಟಿ ಕುದಿಸಿದ ನೀರಾಗ ಅದ್ದಿ ಗಟ್ಟಿ ಮಾಡಬೇಕು, ಹರದಲ್ಲಿ ಕಟ್ಟಬೇಕು. ಗಂಡಸರ ಪಾಳಿ ರಾತ್ರಿಗೆ ಮುಗದರ ಹೆಣಮಕ್ಕಳ ಪಾಳಿ ಹಗಲಿ ಶುರು.

ಇನ್ನ ನೀರಿನ ಮಾತಿಗೆ ಬರೂಣು. ನಮ್ಮ ಹುಬ್ಬಳ್ಳಿಗೆ ದೊಡ್ಡ ಹೊಳಿ ಇಲ್ಲ. ಕುಡಿಯಾಕ ಅಂತ 1950ರ ದಶಕದಾಗ ಧುಮ್ಮವಾಡದ ಹಂತ್ಯಾಕ ನೀರಸಾಗರ ಕಟ್ಟಿದ್ರು. ಅದು ಸಾಲದಂಗಾತು. ಸವದತ್ತಿ ಕಡೆ ನವಿಲುತೀರ್ಥದಾಗ ಮಲಪ್ರಭಾಕ್ಕ ಡ್ಯಾಮ ಕಟ್ಟಿದ್ರು, 1970ರ ದಶಕದಾಗ ನೀರು ನಿಂತಿತು, ಅದರ ಹೆಸರ ರೇಣುಕಾಸಾಗರ. ಯಲ್ಲಮ್ಮನ ಗುಡ್ಡಕ್ಕ ಹೋದವರೆಲ್ಲಾ ಅದನ್ನ ನೋಡೀರಿ. ಅಲ್ಲಿಯ ನೀರ ನಮ್ಮ ನಳಕ್ಕ ಬರತೈತಿ. ಅಂದ್ರ ನಾವು ನಳದ ಕೆಳಗ ಕೊಡಾ ಇಟ್ಟು ಕಾಯೋ ನೀರಿನ್ಯಾಗನ ಯಾರೋ ರಾತ್ರಿ ಬಲೆ ಬಿಟ್ಟಿರತಾರ.

ಡ್ಯಾಮ ಕಟ್ಟಿದಮ್ಯಾಲ ಮೀನೂ ಬದಲಿ ಆದ್ವು. ಹರಿಯೋ ಹೊಳಿ ಮೀನಿಗೆ ನಿಂತ ನೀರು ಒಗ್ಗಂಗಿಲ್ಲ. ಅದಕ್ಕ ಸರಕಾರ ಕಾಟ್ಲಾ, ರೋಹು, ಮೃಗಾಲ ಅನ್ನೋ ಮೀನಿನ ಮರಿ ತಂದು ಬಿಟ್ಟಿತು. ಇವು ಮೂಲದಾಗ ಗಂಗಾ ಸೀಮಿ ಮೀನು. ಕಾಟ್ಲಾ ಮ್ಯಾಲಿನ ನೀರಾಗ ಮೇಯತೈತಿ, ರೋಹು ನಡುವ, ಮೃಗಾಲ ತಳದಾಗ. ಮೂರು ನೆಗೇಣ್ಯಾರು ಒಂದ ಮನ್ಯಾಗ ಜಗಳ ಇಲ್ಲದ ಇದ್ದಂಗ. ಆದ್ರ ಇವು ನಿಂತ ನೀರಾಗ ತತ್ತಿ ಇಡಂಗಿಲ್ಲ. ಮೊದಲ ಬಂಗಾಳದ ಹೊಳಿಯಿಂದ ಮರಿ ತರಬೇಕಾಗತಿತ್ತು. 1957ರ ಜುಲೈ 10ಕ್ಕ ಒಡಿಶಾದಾಗ ಹೀರಾಲಾಲ ಚೌಧರಿ ಅನ್ನೋ ವಿಜ್ಞಾನಿ ಮತ್ತ ಅವರ ಜೋಡಿದಾರರು ಮೀನಿಗೆ ಗ್ರಂಥಿರಸದ ಇಂಜೆಕ್ಷನ್ ಕೊಟ್ಟು ತತ್ತಿ ಇಡಿಸಿದ್ರು. ಆವತ್ತಿಂದ ಮರಿ ಬೇಕಾದಲ್ಲಿ ಮಾಡೂದು ಸಾಧ್ಯ ಆತು. ಅದಕ್ಕ ಈಗಲೂ ಜುಲೈ 10 ಮೀನು ಸಾಕೋರ ದಿನ. ಇನ್ನ ನಾವು ಜಿಲೇಬಿ ಅಂತ ಕರಿಯೋ ಮೀನು ಆಫ್ರಿಕಾದ್ದು, ನಮ್ಮ ದೇಶಕ್ಕ 1952ರಾಗ ಬಂತು. ಹೆಸರ ಸಿಹಿ ಐತಿ, ಸ್ವಭಾವ ಅಲ್ಲ: ಹೋದ ಕೆರ್ಯಾಗೆಲ್ಲಾ ತಾನ ತುಂಬಿಕೋತೈತಿ. ಅಮೆರಿಕದಾಗೂ ಹಿಂಗ ಆತು. ಸ್ಟ್ರೈಪ್ಡ್ ಬಾಸ್ ಅನ್ನೋ ಸಮುದ್ರದ ಮೀನು ತತ್ತಿ ಇಡಾಕ ಹೊಳಿ ಹತ್ತತಿತ್ತು. ದಕ್ಷಿಣ ಕೆರೊಲಿನಾದಾಗ 1940ರ ಆಸುಪಾಸಿನ್ಯಾಗ ಸ್ಯಾಂಟೀ ಕೂಪರ್ ಡ್ಯಾಮ ಕಟ್ಟಿದಾಗ ಒಳಗ ಸಿಕ್ಕವು ಅಲ್ಲೇ ಉಳದು ಬೆಳದ್ವು. ಅದನ್ನ ನೋಡಿ ಬ್ಯಾರೆ ಕೆರಿಗೂ ಬಿಟ್ಟರು. ತವರಿಗೆ ಹೋಗೋ ದಾರಿ ಮುಚ್ಚಿದಮ್ಯಾಲ ಗಂಡನ ಮನಿಯನ್ನ ತವರು ಮಾಡಿಕೊಂಡಂಗ.

ಎಲ್ಲಾ ಮೀನಿಗೂ ಈ ಹಣೆಬರಹ ಇಲ್ಲ. ನಮ್ಮ ಬಾಳೆಮೀನು ಈಗ ಜಗತ್ತಿನ ಅಪಾಯದ ಪಟ್ಟಿಯೊಳಗ ಸೇರೈತಿ. ಡ್ಯಾಮು, ಹೊಲಸು ನೀರು ಒಂದು ಕಾರಣ. ಸಣ್ಣ ಕಣ್ಣಿಯ ಬಲೆ ಇನ್ನೊಂದು, ಅದರಾಗ ಮರಿನೂ ಉಳಿಯಂಗಿಲ್ಲ. ಮುಂಗಾರಿನ್ಯಾಗ ತತ್ತಿ ತುಂಬಿದ ಮೀನು ಹಿಡಿಯೋದು ಮೂರನೇದು. ಮಲೆನಾಡಿನ್ಯಾಗ ಮೊದಲ ಮಳಿಗೆ ಮೀನು ಹಳ್ಳದ ನೀರಿಗೆ ಎದುರು ಈಜಿ ಗದ್ದಿಗೆ ಹತ್ತತಾವ, ಅದಕ್ಕ ಹತ್ತುಮೀನು ಅಂತಾರ. ರಾತ್ರಿ ದೀಪ, ಕತ್ತಿ ಹಿಡಕೊಂಡು ಹೋಗಿ ಕಡಿಯೋದು ಅಲ್ಲಿ ಹಬ್ಬ ಇದ್ದಂಗ. ಆದ್ರ ಆ ಮೀನು ಹತ್ತೋದ ತತ್ತಿ ಇಡಾಕ. ಬಾಣಂತನಕ್ಕ ಹೊಂಟಾಕಿನ್ನ ದಾರ್ಯಾಗ ಹಿಡದಂಗ ಆಗತೈತಿ ಅದು. ನೀರಾಗ ಸಿಡಿಮದ್ದು ಸಿಡಸೋದು, ವಿಷ ಹಾಕೋದು ಅಪರಾಧ ಅಂತ 1897ರ ಮೀನುಗಾರಿಕೆ ಕಾಯ್ದೆನ ಹೇಳಿತ್ತು. ಕಾಯ್ದೆ ಹಳೇದು, ಪಾಲಿಸೋದು ಇನ್ನೂ ಹೊಸಾದಂಗ ಐತಿ. ನಮ್ಮ ಉಣಕಲ್ಲ ಕೆರ್ಯಾಗ ಅಂತರಗಂಗಿ ಬೆಳದು ಹಸರ ಹಾಸಿಗಿ ಹಾಸಿದಂಗ ಆಗಿದ್ದು ನೀವೂ ನೋಡೀರಿ. ಗಟಾರ ನೀರು ಸೇರಿದ ಕೆರ್ಯಾಗ ಅಂತರಗಂಗಿಗೆ ಹಬ್ಬ. ಅದು ಹೊದಿಕಿ ಹೊಚ್ಚಿದರ ಕೆಳಗ ಬೆಳಕಿಲ್ಲ, ಗಾಳಿ ಇಲ್ಲ. ಮೀನಿಗೆ ಹಗಲೂ ರಾತ್ರಿನ.

ನಾವು ಬಲೆ ಬಿಡೋರಲ್ಲ, ಖರೆ. ಆದ್ರ ಬಲ್ಯಾಗ ಏನ ಬರಬೇಕು ಅನ್ನೋದು ನಮ್ಮ ಚೀಲದಿಂದ ಶುರು ಆಗತೈತಿ. ಅಂಗೈಯಷ್ಟೂ ಇಲ್ಲದ ಕಾಟ್ಲಾ, ರೋಹು ಮರಿ ಅಗ್ಗ ಅಂತ ತಗೋಬ್ಯಾಡ್ರಿ. ನಾವು ತಗೊಂಡರ ನಾಳೆ ಬಲೆ ಕಣ್ಣಿ ಇನ್ನೂ ಸಣ್ಣದಾಗತೈತಿ. ಜೂನಿನಿಂದ ಆಗಸ್ಟತನಕ ಹೊಟ್ಟಿ ಉಬ್ಬಿದ ಹೊಳಿ ಮೀನು ಬಿಡ್ರಿ. ಹೆಂಗೂ ಶ್ರಾವಣದಾಗ ಭಾಳ ಮನ್ಯಾಗ ಒಲಿಮ್ಯಾಲ ಮೀನು ಏರಂಗಿಲ್ಲ. ಮೀನಿಗೆ ಅಂತ ಮಾಡಿದ ನೇಮ ಅಲ್ಲ ಅದು, ಆದ್ರ ಮೀನಿಗೂ ಪುಣ್ಯಾ ತಟ್ಟತೈತಿ. ಜಿಲೇಬಿ ಬೇಕಾದಷ್ಟು ತಿನ್ನರಿ, ಅದು ಕಡಿಮಿ ಆದ್ರ ಕೆರಿಗೆ ಚಲೋನ. ತಾಜಾ ನೋಡೋದು ನಿಮಗ ಹೇಳಬೇಕಾಗಿಲ್ಲ: ಕಣ್ಣು ಉಬ್ಬಿ ಹೊಳೀಬೇಕು, ಕಿವಿರು ಕೆಂಪಗ ಇರಬೇಕು, ಬಟ್ಟಿಲೆ ಒತ್ತಿದರ ತಗ್ಗು ಬಿದ್ದಿದ್ದು ತಿರಗಿ ಏಳಬೇಕು.

ಮತ್ತ ರೇಟಿನ ಮಾತು. ಹತ್ತು ರೂಪಾಯಿ ಕಡಿಮಿ ಮಾಡಸ್ರಿ, ಬ್ಯಾಡ ಅನ್ನಂಗಿಲ್ಲ, ಅದು ನಮ್ಮ ಹಕ್ಕ. ಆದ್ರ ಬುಟ್ಟಿ ಮುಂದ ಕುಂತಾಕಿ ತೂಕಡಸತಿದ್ದರ "ಏನವಾ, ಮುಂಜ್ ಮುಂಜಾನೇನ ನಿದ್ದಿ?" ಅಂತ ಅನಬ್ಯಾಡ್ರಿ. ಆಕಿಗೆ ಅದು ಮುಂಜಾನೆ ಅಲ್ಲ, ಆಕಿ ರಾತ್ರಿ ಇನ್ನೂ ಮುಗದಿಲ್ಲ.