ಮಗನ ಸೈಕಲ್ಲಿಗೆ ಗಾಳಿ ತುಂಬಿದ ದನದ ಡಾಕ್ಟರು

ಹಳೇ ಸೈಕಲ್ಲನ್ನು ಇನ್ನಷ್ಟು ಆರಾಮಾಗಿ ಓಡುವ ಹಾಗೆ ಮಾಡೋದು ಹೇಗೆ? ಯಾವ ಸೈಕಲ್ ಶಾಪಿನಲ್ಲಿ ಕೇಳಿದರೂ ಉತ್ತರ ಸಿದ್ಧ. ಸೀಟಿಗೆ ಸ್ಪ್ರಿಂಗು, ಅದರ ಮೇಲೊಂದು ಕುಶನ್ ಕವರು, ಹ್ಯಾಂಡಲ್ಲು ಎರಡು ಬೆರಳು ಮೇಲಕ್ಕೆ, ಕ್ಯಾರಿಯರಿಗೆ ಒಂದು ಮೆತ್ತೆ. ಎಲ್ಲ ಸರಿಯೇ. ಆದರೆ ಸೈಕಲ್ಲಿನ ಚರಿತ್ರೆಯಲ್ಲಿ ಆರಾಮಕ್ಕೆಂದು ನಡೆದ ಅತಿ ದೊಡ್ಡ ರಿಪೇರಿ ಸೀಟಿನದ್ದಲ್ಲ, ಚಕ್ರದ್ದು. ಮಾಡಿದವರು ಸೈಕಲ್ ಕಂಪನಿಯವರೂ ಅಲ್ಲ, ಒಬ್ಬ ದನದ ಡಾಕ್ಟರು. ಅದೂ ತನ್ನ ಮನೆಯ ಅಂಗಳದಲ್ಲಿ, ಮಗನ ಹಳೇ ಮೂರು ಚಕ್ರದ ಸೈಕಲ್ಲಿನ ಮೇಲೆ!

ಅದಕ್ಕೂ ಮುಂಚೆ ಸೈಕಲ್ಲು ಹೊಡೆಯುವುದು ಎಂಥಾ ಶಿಕ್ಷೆಯಾಗಿತ್ತು ಅಂತ ಸ್ವಲ್ಪ ನೋಡೋಣ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಗಾಡಿಗೆ ಪೆಡಲ್ಲೇ ಇರಲಿಲ್ಲ, ಕಾಲಲ್ಲಿ ನೆಲ ಒದೆಯಬೇಕು. ಚಕ್ರ ಮರದ್ದು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಂತು. ಇಂಗ್ಲಿಷರು ಅದಕ್ಕಿಟ್ಟ ಅಡ್ಡಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಮೂಳೆ ಅಲುಗಾಡಿಸುವ ಯಂತ್ರ'. ಆಮೇಲೆ ಬಂದದ್ದು ನೀವೆಲ್ಲ ಚಿತ್ರದಲ್ಲಿ ನೋಡಿರುವ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇರುವ ಸೈಕಲ್ಲು. ಅದನ್ನು ನೋಡಿ ನಮಗೆ ನಗು ಬರುತ್ತೆ. ಆದರೆ ಅದರಲ್ಲೂ ಒಂದು ಜಾಣತನ ಇತ್ತು. ಪೆಡಲ್ಲು ನೇರವಾಗಿ ಚಕ್ರಕ್ಕೇ ಇದ್ದುದರಿಂದ ಚಕ್ರ ದೊಡ್ಡದಾದಷ್ಟೂ ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬಹುದು. ಜೊತೆಗೆ ದೊಡ್ಡ ಚಕ್ರ ಸಣ್ಣ ಗುಂಡಿಗೆ ಇಳಿಯದೆ ಮೇಲಿಂದಲೇ ದಾಟಿಬಿಡುತ್ತೆ. ಬಿದ್ದರೆ ಮಾತ್ರ ತಲೆ ಕೆಳಗಾಗಿಯೇ ಬೀಳಬೇಕು...

1885ರಲ್ಲಿ ಕವೆಂಟ್ರಿಯ ಸ್ಟಾರ್ಲಿ 'ರೋವರ್' ಸೈಕಲ್ ತಂದ. ಹಿಂದಿನ ಚಕ್ರಕ್ಕೆ ಚೈನು, ಎರಡೂ ಚಕ್ರ ಹೆಚ್ಚು ಕಡಿಮೆ ಒಂದೇ ಅಳತೆ. ನಾವು ಇವತ್ತು ತುಳಿಯುವ ಸೈಕಲ್ಲಿನ ಅಜ್ಜ ಇದೇ. ತಲೆ ಒಡೆಯುವ ಭಯ ಹೋಯಿತು, ಆದರೆ ಕುಲುಕಾಟ ಜಾಸ್ತಿಯಾಯಿತು! ಯಾಕೆಂದರೆ ಚಿಕ್ಕ ಚಕ್ರ ಪ್ರತಿ ಗುಂಡಿಯನ್ನೂ ಮುಟ್ಟಿಯೇ ಹೋಗುತ್ತೆ, ಟೈರೋ ಗಟ್ಟಿ ರಬ್ಬರಿನದ್ದು. ಹಾಗಾಗಿ ಎಲ್ಲರೂ ಸ್ಪ್ರಿಂಗಿನ ಹಿಂದೆ ಬಿದ್ದರು. 'ವಿಪೆಟ್' ಅನ್ನುವ ಸೈಕಲ್ಲಿನಲ್ಲಂತೂ ಸೀಟು, ಹ್ಯಾಂಡಲ್ಲು, ಪೆಡಲ್ಲು ಮೂರನ್ನೂ ಸೇರಿಸಿ ಸ್ಪ್ರಿಂಗಿನ ಮೇಲೆ ತೂಗುಹಾಕಿದ್ದರು. ಚರ್ಮ ಎಳೆದು ಕಟ್ಟಿದ ಸೀಟಿಗೆ ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ 1882ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. ನಮ್ಮಲ್ಲಿ ತಾತಂದಿರ ಕಾಲದ ಸೈಕಲ್ಲುಗಳಲ್ಲಿದ್ದ ಚರ್ಮದ ಸೀಟು ಅದೇ ವಂಶದ್ದು.

ಈಗ ನಮ್ಮ ಡಾಕ್ಟರ ವಿಷಯಕ್ಕೆ ಬರೋಣ. ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಕೆಲಸಕ್ಕೆ ನಿಂತದ್ದು ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಕುದುರೆ, ದನಗಳ ವೈದ್ಯ. ಆ ಊರಿನ ಬೀದಿಗಳಿಗೆ ಗ್ರಾನೈಟ್ ಕಲ್ಲು ಹಾಸಿದ್ದರು, ಮಧ್ಯೆ ಟ್ರಾಮಿನ ಹಳಿ ಬೇರೆ. ಮಗ ಜಾನಿ ಅದರ ಮೇಲೆ ಗಟ್ಟಿ ಟೈರಿನ ಸೈಕಲ್ಲು ತುಳಿದು ಸುಸ್ತಾಗುತ್ತಿದ್ದ. 1887ರ ಕೊನೆಗೆ ಡನ್‌ಲಪ್ ಒಂದು ಮರದ ಬಿಲ್ಲೆ ತೆಗೆದುಕೊಂಡು, ಅದರ ಸುತ್ತ ತೆಳು ರಬ್ಬರ್ ಹಾಳೆಯ ಕೊಳವೆ ಸುತ್ತಿ, ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದ. ಫುಟ್ಬಾಲಿನ ಪಂಪಿನಿಂದ ಗಾಳಿ ತುಂಬಿದ. ಆಮೇಲೆ ಅದನ್ನೂ, ಮಗನ ಸೈಕಲ್ಲಿನಿಂದ ಬಿಚ್ಚಿದ ಮುಂದಿನ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿ ನೋಡಿದ. ಗಟ್ಟಿ ಟೈರಿನ ಚಕ್ರ ಅರ್ಧ ದಾರಿಯಲ್ಲೇ ಅಡ್ಡ ಬಿತ್ತು. ಗಾಳಿಯದ್ದು ಅಂಗಳ ಪೂರ್ತಿ ದಾಟಿ ಗೇಟಿನ ಕಂಬಕ್ಕೆ ಬಡಿದು ವಾಪಸ್ ಪುಟಿಯಿತು!

ನನ್ನ ಪ್ರಕಾರ ಇಡೀ ಕಥೆಯ ಮುಖ್ಯ ಘಟನೆ ಇದೇ. ಮೆತ್ತಗಿರುವುದು ನಿಧಾನ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಗಟ್ಟಿ ಚಕ್ರ ಒಂದು ಕಲ್ಲಿನ ಮೇಲೆ ಹತ್ತಿದರೆ ಸೈಕಲ್ಲು, ಸವಾರ ಎರಡನ್ನೂ ಎತ್ತಿ ಹಾಕಬೇಕು. ಹಾಗೆ ಎತ್ತುವ ಶಕ್ತಿ ಬರುವುದು ಸವಾರನ ಕಾಲಿನಿಂದಲೇ. ಗಾಳಿ ಟೈರು ಆ ಕಲ್ಲನ್ನು ತನ್ನೊಳಗೇ ನುಂಗಿಕೊಳ್ಳುತ್ತೆ. ಅಂದರೆ ಆರಾಮಕ್ಕೆ ಮಾಡಿದ ರಿಪೇರಿ ವೇಗಕ್ಕೂ ಆಯಿತು. ಸ್ವಲ್ಪ ದಿನದಲ್ಲೇ ಜಾನಿಯ ಸೈಕಲ್ಲಿನ ಹಿಂದಿನ ಎರಡೂ ಚಕ್ರಕ್ಕೆ ಗಾಳಿ ಟೈರು ಬಂತು, 1888ರ ಜುಲೈನಲ್ಲಿ ಪೇಟೆಂಟಿಗೆ ಅರ್ಜಿಯೂ ಹೋಯಿತು.

ದೊಡ್ಡ ಸೈಕಲ್ಲಿಗೆ ಹಾಕುವಾಗ ಒಂದು ತೊಡಕು. ಈ ದಪ್ಪ ಟೈರು ಹಳೇ ಫೋರ್ಕಿನ ಸಂದಿಯಲ್ಲಿ ಹಿಡಿಸುವುದಿಲ್ಲ. ಹಳೇ ಸೈಕಲ್ಲಿಗೆ ಅಗಲದ ಟೈರು ಹಾಕಲು ಹೋದವರಿಗೆ ಇವತ್ತೂ ಈ ಕಷ್ಟ ಗೊತ್ತು :) ಹಾಗಾಗಿ ಬೆಲ್‌ಫಾಸ್ಟಿನ ಎಡ್ಲಿನ್ ಕಂಪನಿ ಇದಕ್ಕಂತಲೇ ಸೈಕಲ್ ಕಟ್ಟಿತು. 1889ರ ಮೇ 18ರಂದು ಅದೇ ಊರಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ವಿಲಿ ಹ್ಯೂಮ್ ಅನ್ನುವ ಸವಾರ ಅಂಥ ಸೈಕಲ್ ಏರಿ ರೇಸಿಗೆ ಬಂದ. ದಪ್ಪ ಟೈರು ನೋಡಿ ಜನ ನಕ್ಕರಂತೆ. ಆತ ನಾಲ್ಕಕ್ಕೆ ನಾಲ್ಕೂ ರೇಸು ಗೆದ್ದ. ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರೋ ಅವರ ಮಕ್ಕಳೂ ಇದ್ದರು. ಅಪ್ಪ ಬುದ್ಧಿವಂತ, ಅದೇ ವರ್ಷ ಡನ್‌ಲಪ್ ಜೊತೆ ಸೇರಿ ಕಂಪನಿ ಮಾಡಿದ.

ಆಗ ಎದ್ದಿತು ನೋಡಿ ಒಂದು ಭೂತ. 1845ರಲ್ಲೇ, ಅಂದರೆ ಡನ್‌ಲಪ್ ಐದು ವರ್ಷದ ಹುಡುಗನಾಗಿದ್ದಾಗ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟಿಷ್ ತರುಣ ಗಾಳಿ ಟೈರಿಗೆ ಪೇಟೆಂಟ್ ತಗೊಂಡಿದ್ದ! ವಯಸ್ಸು ಇಪ್ಪತ್ತಮೂರು. ಚರ್ಮದ ಹೊದಿಕೆಯೊಳಗೆ ರಬ್ಬರ್ ಬಳಿದ ಬಟ್ಟೆಯ ಕೊಳವೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದ. ಎಲ್ಲರೂ ಮರೆತರು. ಯಾಕೆ ಮರೆತರು? ರಬ್ಬರ್ ದುಬಾರಿ ಅನ್ನೋದು ಒಂದು ಕಾರಣ. ನನಗೆ ಇನ್ನೊಂದೂ ಹೊಳೆಯುತ್ತೆ. ಗಾಡಿಯಲ್ಲಿ ಕೂತವನಿಗೆ ಕೆಳಗೆ ಸ್ಪ್ರಿಂಗ್ ಇತ್ತು, ಎಳೆಯುವ ಕಷ್ಟ ಕುದುರೆಯದ್ದು. ಸೈಕಲ್ಲಿನಲ್ಲಿ ಕೂರುವವನೂ ಎಳೆಯುವವನೂ ಒಬ್ಬನೇ, ಕುಲುಕಾಟದ ಬೆಲೆ ಅವನಿಗೆ ಬೇಗ ಗೊತ್ತಾಗುತ್ತೆ. ಕುದುರೆಗೆ ಬಾಯಿ ಇದ್ದಿದ್ದರೆ ಪೇಟೆಂಟು 1847ರಲ್ಲೇ ಗೆಲ್ಲುತ್ತಿತ್ತೋ ಏನೋ!

1890ರಲ್ಲಿ ಡನ್‌ಲಪ್ ಪೇಟೆಂಟ್ ಊರ್ಜಿತವಲ್ಲ ಅಂತಾಯಿತು. ಆದರೆ ಕಂಪನಿ ಮುಳುಗಲಿಲ್ಲ. ಕಾರಣ ಪಂಚರ್. ಮೊದಮೊದಲ ಟೈರನ್ನು ಚಕ್ರಕ್ಕೇ ಅಂಟಿಸಿರುತ್ತಿದ್ದರು, ಒಂದು ಪಂಚರ್ ಆದರೆ ಗಂಟೆಗಟ್ಟಲೆ ಕೆಲಸ. 1890ರಲ್ಲೇ ವೆಲ್ಚ್ ಮತ್ತು ಬಾರ್ಟ್ಲೆಟ್ ಬೇರೆಬೇರೆಯಾಗಿ ರಿಮ್ಮಿನಿಂದ ಬಿಚ್ಚಬಹುದಾದ ಟೈರು ಮಾಡಿದರು. ಡು ಕ್ರೋ ಎರಡೂ ಪೇಟೆಂಟನ್ನು ಕಂಪನಿಗೆ ಕೊಂಡುಕೊಂಡ. ಅತ್ತ ಫ್ರಾನ್ಸಿನಲ್ಲಿ ಮಿಶೆಲಿನ್ ಸೋದರರೂ ಬಿಚ್ಚುವ ಟೈರು ಮಾಡಿ, 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ರೇಸಿನಲ್ಲಿ ಶಾರ್ಲ್ ಟೆರೋಂಗೆ ಹಾಕಿಸಿ ಗೆದ್ದರು. ಅಲ್ಲಿಗೆ ಗಟ್ಟಿ ಟೈರಿನ ಕಾಲ ಮುಗಿಯುತ್ತಾ ಬಂತು.

ಡನ್‌ಲಪ್ 1895ರಲ್ಲೇ ಕಂಪನಿ ಬಿಟ್ಟು ಹೊರಬಂದಿದ್ದ. ಮರುವರ್ಷ ಹೂಲಿ ಎಂಬ ದಲ್ಲಾಳಿ ಆ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು 50 ಲಕ್ಷಕ್ಕೆ ಮಾರುಕಟ್ಟೆಗೆ ಬಿಟ್ಟ. ಡಾಕ್ಟರಿಗೆ ಉಳಿದದ್ದು ಟೈರಿನ ಮೇಲಿನ ಹೆಸರು. 1921ರಲ್ಲಿ ಡಬ್ಲಿನ್ನಿನಲ್ಲಿ ತೀರಿಕೊಂಡರು.

ಈ ಕಥೆಯನ್ನು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅದು ನ್ಯಾಯ ಅಲ್ಲ. ಇಷ್ಟು ಟೈರಿಗೆ ರಬ್ಬರ್ ಎಲ್ಲಿಂದ ಬಂತು? ಏಷ್ಯಾದ ತೋಟಗಳು ಫಲ ಕೊಡಲು ಇನ್ನೂ ವರ್ಷಗಳಿದ್ದವು. ಹಾಗಾಗಿ ಕಾಡಿನ ರಬ್ಬರೇ ಗತಿ. ಆಫ್ರಿಕಾದ ಕಾಂಗೋ ಆಗ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಖಾಸಗಿ ಆಸ್ತಿ. ಹಳ್ಳಿಹಳ್ಳಿಗೂ ಇಷ್ಟು ರಬ್ಬರ್ ತರಬೇಕೆಂದು ಲೆಕ್ಕ ಕಟ್ಟಿದರು. ತರದಿದ್ದರೆ ಹೆಂಗಸರನ್ನು ಒತ್ತೆ ಹಿಡಿಯುವುದು, ಚಾಟಿ, ಗುಂಡು, ಕೊನೆಗೆ ಕೈ ಕತ್ತರಿಸುವುದು. ಇದನ್ನು ವಿಚಾರಿಸಿ ವರದಿ ಬರೆದ ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್. ಆತ ಡಬ್ಲಿನ್ನಿನಲ್ಲಿ ಹುಟ್ಟಿ ಬೆಲ್‌ಫಾಸ್ಟಿಗೆ ಹತ್ತಿರದ ಆಂಟ್ರಿಮ್ ಸೀಮೆಯಲ್ಲಿ ಓದಿದವನು. ವರದಿ 1904ರಲ್ಲಿ ಅಚ್ಚಾಯಿತು, 1908ರಲ್ಲಿ ಕಾಂಗೋ ದೊರೆಯ ಕೈಬಿಟ್ಟಿತು. ಮಗನ ಮೈಕೈ ನೋವಿಗೆ ಮದ್ದು ಹುಡುಕಿದ ಡನ್‌ಲಪ್‌ನನ್ನು ಇದಕ್ಕೆ ದೂರಲಾರೆ. ಆದರೆ ಲಕ್ಷಗಟ್ಟಲೆ ಪೌಂಡಿಗೆ ಕೈ ಬದಲಾಯಿಸಿದ ಆ ದಂಧೆಯಲ್ಲಿ ಕಾಂಗೋದ ಲೆಕ್ಕ ಯಾರೂ ಬರೆದಿಡಲಿಲ್ಲ.

ಅಂದ ಹಾಗೆ, ಡನ್‌ಲಪ್ಪನ ಮೊದಲ ಗಾಳಿ ಟೈರು ಎಡಿನ್‌ಬರೋದ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ನಮ್ಮ ಹಳೇ ಕರಿ ಸೈಕಲ್ಲುಗಳ ಟ್ಯೂಬಿಗೆ ಇರುವ, ಪುಟ್ಟ ರಬ್ಬರ್ ಕೊಳವೆಯ ವಾಲ್ವಿಗೂ ಡನ್‌ಲಪ್ ವಾಲ್ವ್ ಅಂತಲೇ ಹೆಸರು. ಪಂಚರ್ ಅಂಗಡಿಯಲ್ಲಿ ನಾವು 'ವಾಲ್ ಟ್ಯೂಬ್ ಹೋಗಿದೆ' ಅಂತ ಕೇಳಿ ಹಾಕಿಸಿಕೊಳ್ಳುತ್ತಿದ್ದೆವಲ್ಲ, ಅದೇ.