ಗಡಿರೇಖೆಯೂ ಜನಸಂಖ್ಯೆಯೂ: ಅಮೆರಿಕದ ಮಧ್ಯಪಶ್ಚಿಮ ಪ್ರಾಂತ್ಯದ ಏರಿಳಿತ

ಅಮೆರಿಕದ ಮಧ್ಯಪಶ್ಚಿಮದಲ್ಲಿ ಕೆಲವು ನಗರಗಳು ಬತ್ತಿ ಕೆಲವು ಬೆಳೆದದ್ದಕ್ಕೆ ಕಾರ್ಖಾನೆಗಳ ಅಳಿವು-ಉಳಿವನ್ನೇ ಕಾರಣವಾಗಿ ಹೇಳುವುದು ರೂಢಿ. ಅದು ಸುಳ್ಳಲ್ಲ. ಆದರೆ ನಗರದ ಎಲ್ಲೆ ಎಲ್ಲಿದೆ, ಅದನ್ನು ಯಾರು ಎಳೆದರು ಎಂಬುದನ್ನು ಕೇಳದೆ ಜನಗಣತಿಯ ಅಂಕಿಗಳನ್ನು ಓದಿದರೆ ಎಡವುತ್ತೇವೆ.

1950ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ 8,56,796 ಜನರಿದ್ದರು; 2020ರಲ್ಲಿ 3,01,578. ಅದೇ ಅವಧಿಯಲ್ಲಿ ಓಹಾಯೋದ ರಾಜಧಾನಿ ಕೊಲಂಬಸ್ 3,75,901ರಿಂದ 9,05,748ಕ್ಕೆ ಏರಿತು. ಹೊರವಲಯದ ಖರ್ಚು ತನಗೇಕೆಂದು ಸೇಂಟ್ ಲೂಯಿಸ್ 1876ರಲ್ಲೇ ಜಿಲ್ಲೆಯಂಥ ಘಟಕವಾದ ತನ್ನ ಕೌಂಟಿಯಿಂದ ಬೇರ್ಪಟ್ಟು, ಸುಮಾರು 160 ಚದರ ಕಿ.ಮೀ.ಗೆ ತನ್ನ ಎಲ್ಲೆಯನ್ನು ಬಿಗಿದುಕೊಂಡಿತ್ತು. ಮುಂದೆ ಹೆದ್ದಾರಿ ಹಿಡಿದು ಬಿಳಿಯ ಮಧ್ಯಮ ವರ್ಗ ಹೊರಟಾಗ ತೆರಿಗೆಯೂ ಅವರ ಬೆನ್ನಿಗೇ ಹೋಯಿತು. 1950ರಲ್ಲಿ 4,06,349 ಜನರಿದ್ದ ಕೌಂಟಿ 2020ರ ವೇಳೆಗೆ 10,04,125 ಮುಟ್ಟಿತು. ಕೊಲಂಬಸ್‌ನ ಮೇಯರ್ ಸೆನ್ಸೆನ್‌ಬ್ರೆನ್ನರ್ 1950ರ ದಶಕದಲ್ಲಿ ಹಾಕಿದ ಷರತ್ತು ಸರಳ: ನಗರದ ನೀರು, ಒಳಚರಂಡಿ ಬೇಕಾದವರು ಮೊದಲು ನಗರಕ್ಕೆ ಸೇರಬೇಕು. ಬಡಾವಣೆ ಕಟ್ಟುವವರಿಗೆ ಬೇರೆ ದಾರಿ ಕಡಿಮೆ. ಆಗ 100 ಚದರ ಕಿ.ಮೀ. ಆಸುಪಾಸಿನಲ್ಲಿದ್ದ ನಗರ ಇಂದು 570ರಷ್ಟಿದೆ. ಊರಾಚೆ ಮನೆ ಮಾಡಿದವರೂ ಲೆಕ್ಕದಲ್ಲಿ ಊರಿನವರಾಗಿಯೇ ಉಳಿದರು. ರಾಜಧಾನಿಯ ಕಚೇರಿಗಳು, ವಿಶ್ವವಿದ್ಯಾಲಯ ನೆರವಾದದ್ದು ನಿಜ. ಆದರೂ ನೀರಿನ ಕೊಳವೆಯ ಪಾಲು ಅವಕ್ಕಿಂತ ಕಡಿಮೆಯೆಂದು ನನಗೆ ತೋರುವುದಿಲ್ಲ.

ಗ್ರಾಮೀಣ ಅಂಕಿಗಳಲ್ಲಿ ಇದೇ ತೊಡಕು ತಿರುವುಮುರುವಾಗಿ ಎದುರಾಗುತ್ತದೆ. ಬೆಳೆದ ಕೌಂಟಿ ಮಹಾನಗರ ವಲಯದ ಪಟ್ಟಿಗೆ ಜಾರುತ್ತದೆ. ‘ಗ್ರಾಮೀಣ’ ಪಟ್ಟಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಬೆಳೆಯದವು. ಅಯೋವಾದ ಡಲ್ಲಾಸ್ ಕೌಂಟಿ ಒಂದು ಕಾಲಕ್ಕೆ ಬರೀ ಹೊಲಗಳ ಸೀಮೆ, ಇಂದು ಡೆ ಮಾಯ್ನ್ ಮಹಾನಗರದ ಭಾಗ. 2010ರಿಂದ 2020ರೊಳಗೆ ಅದು 66,135ರಿಂದ 99,678ಕ್ಕೆ ಏರಿದರೆ, ರಾಜ್ಯದ 99 ಕೌಂಟಿಗಳಲ್ಲಿ 68 ಇಳಿದವು.

ಹಾಗೆಂದು ಎಲ್ಲವೂ ಎಲ್ಲೆಯ ಆಟವಲ್ಲ. ಯಂತ್ರಗಳು ಬಂದು ಹಿಡುವಳಿಗಳು ಹಿಗ್ಗಿದವು, ಆಳುಗಳು ಬೇಡವಾದರು. 1980ರ ದಶಕದ ಕೃಷಿ ಸಾಲದ ಬಿಕ್ಕಟ್ಟಿನಲ್ಲಿ ತರುಣರು ಊರು ಬಿಟ್ಟರು. ಹುಟ್ಟಿಗಿಂತ ಸಾವು ಹೆಚ್ಚಾದ ಕೌಂಟಿಗೆ ಬೆಳೆಯಲು ಉಳಿಯುವ ದಾರಿ ಹೊರಗಿನವರ ವಲಸೆಯೊಂದೇ. ಅಯೋವಾದ ಸ್ಟಾರ್ಮ್ ಲೇಕ್ ಪಟ್ಟಣದ ಹಂದಿ, ಟರ್ಕಿ ಮಾಂಸದ ಕಾರ್ಖಾನೆಗಳಿಗೆ ಮೊದಲು ಲಾವೋಸ್‌ನ ನಿರಾಶ್ರಿತರು, ಬಳಿಕ ಮೆಕ್ಸಿಕೊದವರು ಬಂದರು. 2010ರಲ್ಲಿ 10,600 ಇದ್ದ ಜನ 2020ಕ್ಕೆ 11,269 ಆದರು. ನೆರೆಯ ಸ್ಯಾಕ್, ಪೋಕಹಾಂಟಸ್ ಕೌಂಟಿಗಳು ಅದೇ ದಶಕದಲ್ಲಿ ಇನ್ನಷ್ಟು ಜನರನ್ನು ಕಳೆದುಕೊಂಡವು.